ಹಸಿರುಮನೆಯಲ್ಲಿ ಎರಡು ವಾರ

೨೦೨೦ರಲ್ಲಿ ನಾನು ಜಪಾನಿನ ಕಾನಾಗಾವಾ ಪ್ರಾಂತ್ಯದ ಒಂದು ಸಣ್ಣ ನರ್ಸರಿಯಲ್ಲಿ ಮೇಲ್ವಿಚಾರಕಿಯಾಗಿದ್ದೆ. ಬೆಂಗಳೂರಿನಲ್ಲಿ ತೋಟಗಾರಿಕೆ ಓದಿದ್ದ ನಾನು ಮದುವೆಯ ನಂತರ ಇಲ್ಲಿಗೆ ಬಂದೆ. ಪತಿ ಶ್ರೀಧರ ಕಾರಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಎಂಜಿನಿಯರ್. ನರ್ಸರಿಯ ಮಾಲೀಕರು ಎಪ್ಪತ್ತು ದಾಟಿದ ಒಕಾಬೆ-ಸಾನ್; ಇಲ್ಲಿ ಹೆಸರಿಗೆ ಗೌರವದಿಂದ 'ಸಾನ್' ಸೇರಿಸುತ್ತಾರೆ. ಅವರು, ಅವರ ಹೆಂಡತಿ ಫುಮಿಕೊ-ಸಾನ್, ನಾನು, ಜೊತೆಗೆ ಪ್ರತಿ ವಸಂತದಲ್ಲಿ ವಿಯೆಟ್ನಾಮಿನಿಂದ ಬರುವ ಇಬ್ಬರು ಕೆಲಸಗಾರರು. ನಮ್ಮ ಬಳಗ ಅಷ್ಟೇ. ಆ ವರ್ಷ ಕೊರೊನಾದಿಂದಾಗಿ ಗಡಿಗಳು ಮುಚ್ಚಿದ್ದರಿಂದ ಆ ಇಬ್ಬರೂ ಬರಲಿಲ್ಲ.

ನರ್ಸರಿಯ ಕೆಲಸ ಋತುವಿಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತದೆ. ಮಾರ್ಚ್ ತಿಂಗಳ ಶಾಲಾ ಸಮಾರಂಭಗಳಿಗೆ ಬೇಕಾದ ಪ್ಯಾನ್ಸಿ, ಪ್ರಿಮುಲಾ ಹೂಗಿಡಗಳನ್ನು ನಾವು ಹಿಂದಿನ ಬೇಸಿಗೆಯಲ್ಲೇ ಬಿತ್ತಿರುತ್ತೇವೆ. ಶಾಲೆಗಳು ದಿಢೀರನೆ ಮುಚ್ಚಿದವು, ಸಮಾರಂಭಗಳು ರದ್ದಾದವು. ಶಾಲೆಯವರು ಫೋನಿನಲ್ಲಿ "ಸುಮಿಮಾಸೆನ್" ಎಂದು ಮತ್ತೆ ಮತ್ತೆ ಕ್ಷಮೆ ಕೇಳುತ್ತಿದ್ದರು. ಹೂವುಗಳಿಗೆ ಇದೆಲ್ಲ ತಿಳಿಯದು. ಅವು ಅರಳುತ್ತಲೇ ಹೋದವು. ನೆರೆಹೊರೆಗೆ ಹಂಚಿ ಉಳಿದದ್ದನ್ನು ಒಕಾಬೆ-ಸಾನ್ ಮತ್ತು ನಾನು ಕುಂಡದಿಂದ ಕೊಡವಿ ಗೊಬ್ಬರದ ಗುಂಡಿಗೆ ಹಾಕಿದೆವು. ಬಣ್ಣಬಣ್ಣದ ಗುಡ್ಡೆಯ ಮೇಲೆ ಜೇನುಹುಳುಗಳು ಇನ್ನೂ ಕೂರುತ್ತಿದ್ದವು.

ಮೇ ತಿಂಗಳಲ್ಲಿ ಪರಿಸ್ಥಿತಿ ತಿರುಗಿಬಿತ್ತು. ಮನೆಯಲ್ಲೇ ಕುಳಿತು ಬೇಸತ್ತ ಜನಕ್ಕೆ ಬಾಲ್ಕನಿಯಲ್ಲಿ ಟೊಮೇಟೊ, ಬದನೆ ಬೆಳೆಸುವ ಹುಚ್ಚು ಹಿಡಿಯಿತು. ಐದು ಜನರ ಕೆಲಸವನ್ನು ಮೂವರು ಮಾಡಿದೆವು. ಜುಲೈ ಕೊನೆಗೆ ಇಲ್ಲಿನ ಮಳೆಗಾಲ ಮುಗಿಯುವಷ್ಟರಲ್ಲಿ ನನ್ನ ಮಣಿಕಟ್ಟುಗಳು ಬಾತುಕೊಂಡಿದ್ದವು. ಒಕಾಬೆ-ಸಾನ್ ಕೆಲಸದ ನಡುವೆ ನಿಂತಲ್ಲೇ ತೂಕಡಿಸುತ್ತಿದ್ದರು.

ಆಗಸ್ಟಿನಲ್ಲಿ ಅವರಿಗೆ ಜ್ವರ ಬಂತು. ಪರೀಕ್ಷೆಯಲ್ಲಿ ಸೋಂಕು ಖಚಿತವಾಗಿ ಆಂಬ್ಯುಲೆನ್ಸ್ ಕರೆದೊಯ್ದಿತು. ಫುಮಿಕೊ-ಸಾನ್ ಮನೆಯೊಳಗೆ ಬಂದಿ. ಮರುದಿನ ಆರೋಗ್ಯ ಕೇಂದ್ರದಿಂದ ನನಗೂ ಫೋನ್ ಬಂತು: ನೀವು ಅವರ ನಿಕಟ ಸಂಪರ್ಕದಲ್ಲಿದ್ದವರು, ಎರಡು ವಾರ ಯಾರನ್ನೂ ಭೇಟಿಯಾಗಬೇಡಿ.

ನನಗೆ ಮೊದಲು ನೆನಪಾದದ್ದು ಸೈಕ್ಲಮೆನ್. ಇದು ಜಪಾನಿನಲ್ಲಿ ಡಿಸೆಂಬರಿನ ಉಡುಗೊರೆಯ ಹೂವು, ನಮ್ಮ ನರ್ಸರಿಯ ಇಡೀ ವರ್ಷದ ಆಧಾರ. ಬೀಜದಿಂದ ಹೂವಿನವರೆಗೆ ಸುಮಾರು ಒಂದು ವರ್ಷ ಹಿಡಿಯುತ್ತದೆ. ತಂಪು ಬಯಸುವ ಈ ಗಿಡವನ್ನು ಆಗಸ್ಟ್ ದಾಟಿಸುವುದೇ ದೊಡ್ಡ ಸಾಹಸ. ನೆರಳುಪರದೆ ಎಳೆಯುವುದು, ಗಾಳಿ ಆಡಿಸುವುದು, ನೀರು ನೋಡುವುದು, ಇವುಗಳಲ್ಲಿ ಒಂದು ಮಧ್ಯಾಹ್ನ ತಪ್ಪಿದರೂ ಗಡ್ಡೆ ಬೆಂದುಹೋಗುತ್ತದೆ.

"ಯಾರನ್ನೂ ಭೇಟಿಯಾಗದಿದ್ದರೆ ಸಾಕಲ್ಲವೇ? ನಾನು ನರ್ಸರಿಯಲ್ಲೇ ಒಬ್ಬಳೇ ಇದ್ದರೆ?" ಎಂದು ಕೇಳಿದೆ. ಆ ಕಡೆಯ ಹೆಣ್ಣುಮಗಳು ಯಾರನ್ನೋ ವಿಚಾರಿಸಿ ಬಂದು, ಆಗಬಹುದು, ಜ್ವರ ಬಂದರೆ ಕೂಡಲೇ ತಿಳಿಸಿ ಎಂದಳು.

ಶ್ರೀಧರ ಒಪ್ಪಲಿಲ್ಲ. "ಸುನಂದಾ, ನಿಂಗೇನ್ ತಲೆ ಕೆಟ್ಟಿದ್ಯಾ? ಗಿಡ ಹೋದ್ರೆ ಹೋಗ್ಲಿ. ಅಲ್ಲಿ ಒಬ್ಳೇ ಇದ್ದು ಉಸಿರಾಡೋಕ್ಕೆ ಕಷ್ಟ ಆದ್ರೆ ಯಾರ್ ನೋಡ್ತಾರೆ?"

"ಮನೇಲಿದ್ರೆ ನಿಮ್ಗೂ ಮಗಳಿಗೂ ರಿಸ್ಕ್ ಅಲ್ವಾ? ಗಂಟೆಗೊಂದ್ ಮೆಸೇಜ್ ಹಾಕ್ತೀನಿ, ಬಿಡಿ" ಎಂದೆ.

ಕುಂಡಕ್ಕೆ ಮಣ್ಣು ತುಂಬುವ ಶೆಡ್ಡಿನಲ್ಲಿ ಹಾಸಿಗೆ ಹಾಸಿಕೊಂಡೆ. ಹದಿನಾಲ್ಕರ ಮಗಳು ಅನಘಾ ಸಂಜೆ ಸೈಕಲ್ಲಿನಲ್ಲಿ ಬಂದು ಗೇಟಿಗೆ ಡಬ್ಬಿ ನೇತುಹಾಕಿ ದೂರ ನಿಲ್ಲುತ್ತಿದ್ದಳು. ಅಪ್ಪ ಕಲಸಿದ ಮೊಸರನ್ನ, ಉಪ್ಪಿನಕಾಯಿಯ ಬದಲು ಉಮೆಬೋಶಿ ಎಂಬ ಇಲ್ಲಿನ ಉಪ್ಪಿನಲ್ಲಿ ಹಾಕಿದ ಹುಳಿಹಣ್ಣು. "ಮಮ್ಮಿ, ಅಪ್ಪ ಸಾಲ್ಟ್ ಮರ್ತಿದಾರೆ, ಗೊಮೆನ್ ನೆ" ಎಂದು ಕೂಗಿ ಕ್ಷಮೆ ಕೇಳುತ್ತಿದ್ದಳು. ಅವಳು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿ, ಊಟ ಮಾಡುವ ತ್ರಾಣವೂ ಇಲ್ಲದೆ ಕುಳಿತುಬಿಡುತ್ತಿದ್ದೆ.

ಮೊದಲ ವಾರ ಹೇಗೋ ಕಳೆಯಿತು. ನನಗೆ ಜ್ವರ ಬರಲಿಲ್ಲ. ಅತ್ತ ಒಕಾಬೆ-ಸಾನ್ ಅವರಿಗೆ ಆಮ್ಲಜನಕ ಕೊಡುತ್ತಿದ್ದಾರೆ, ಮಾತಾಡುವ ಸ್ಥಿತಿಯಲ್ಲಿಲ್ಲ ಎಂದು ಫುಮಿಕೊ-ಸಾನ್ ತಿಳಿಸಿದರು. ಅದರ ಮಾರನೆಯ ಬೆಳಿಗ್ಗೆ, ಎರಡನೆಯ ಹಸಿರುಮನೆಯ ಕಿಟಕಿ ಪಕ್ಕದ ಸಾಲಿನಲ್ಲಿ ಒಂದು ಗಿಡದ ಒಂದೇ ಮಗ್ಗುಲಿನ ಎಲೆಗಳು ಹಳದಿಯಾಗಿದ್ದವು. ಕಿತ್ತು ಗಡ್ಡೆಯನ್ನು ಅಡ್ಡ ಕೊಯ್ದೆ. ಒಳಗೆ ಕಂದುಗೆಂಪು ಚುಕ್ಕೆಗಳ ಉಂಗುರವಿತ್ತು.

ಇದು ಫ್ಯುಸೇರಿಯಂ ಎಂಬ ಶಿಲೀಂಧ್ರದ ಸೊರಗು ರೋಗ. ಗಿಡದ ನೀರುನಾಳಗಳನ್ನು ಕಟ್ಟಿಸಿ ಒಳಗಿನಿಂದ ಕೊಲ್ಲುತ್ತದೆ. ತಗುಲಿದ ಗಿಡಕ್ಕೆ ಮದ್ದಿಲ್ಲ. ನಮ್ಮಲ್ಲಿ ಕುಂಡಗಳ ಕೆಳಗೆ ಉದ್ದಕ್ಕೂ ನೀರಿನ ಒಂದು ದೋಣಿ, ಅಂದರೆ ಕಿರಿದಾದ ತೊಟ್ಟಿ, ಇರುತ್ತದೆ. ಸಾಲಿನ ಗಿಡಗಳೆಲ್ಲ ಕುಂಡದ ತಳದಿಂದ ಇಳಿಬಿಟ್ಟ ಬತ್ತಿಯ ಮೂಲಕ ಅದೇ ನೀರು ಕುಡಿಯುತ್ತವೆ. ಆದ್ದರಿಂದ ಒಂದಕ್ಕೆ ಬಂದದ್ದು ಆ ಸಾಲಿಗೇ ಬಂದಂತೆ. ನೀರಿನ ಹನಿ, ಕೈ, ಕತ್ತರಿಗಳ ಮೂಲಕ ಪಕ್ಕದ ಸಾಲಿಗೂ ದಾಟುತ್ತದೆ.

ಆದರೆ ಅದು ಬೇರೆ ಸಾಲುಗಳಂತಹ ಸಾಲಾಗಿರಲಿಲ್ಲ. ನಸುಗೆಂಪು ಬಣ್ಣದ, ಮೆಲುವಾದ ಸುವಾಸನೆಯ ಆ ತಳಿಯನ್ನು ಒಕಾಬೆ-ಸಾನ್ ಯೌವನದಿಂದ ತಾವೇ ಆರಿಸಿ, ಪರಾಗ ಮುಟ್ಟಿಸಿ, ಬೀಜ ಕಟ್ಟಿಸಿಕೊಂಡು ಬಂದಿದ್ದರು. ತಾಯಿಗಿಡಗಳೂ ಅದೇ ದೋಣಿಯ ಮೇಲಿದ್ದವು. ಹಳೆಯ ಬೀಜ ಉಳಿಸುವ ರೂಢಿ ಅವರಿಗಿರಲಿಲ್ಲ. ಈ ಸಾಲು ಹೋದರೆ ಲೋಕದಲ್ಲಿ ಆ ಹೂವೇ ಇಲ್ಲ.

ಫುಮಿಕೊ-ಸಾನ್ ಅವರಿಗೆ ಫೋನ್ ಮಾಡಿದೆ. ವಿಷಯ ಕೇಳಿ ಅವರೆಂದರು: "ಅವರನ್ನು ಕೇಳುವ ಹಾಗಿಲ್ಲ. ನನಗೆ ಗಿಡದ ವಿಷಯ ತಿಳಿಯದು. ನೀವೇ ನಿರ್ಧರಿಸಿ, ಸುನಂದಾ-ಸಾನ್. ಅವರು ಬದುಕಿ ಬಂದರೆ ನಾನೇ ಹೇಳುತ್ತೇನೆ."

ಮಧ್ಯಾಹ್ನದವರೆಗೆ ಸಾಲಿನ ಮುಂದೆ ಕುಳಿತಿದ್ದೆ. ಉಳಿದ ಗಿಡಗಳೆಲ್ಲ ಸೊಂಪಾಗಿದ್ದವು, ಎಲೆಯ ಮೇಲಿನ ಬೆಳ್ಳಿಗೆರೆ ಹೊಳೆಯುತ್ತಿತ್ತು. ಕೊನೆಗೆ ಕೈಗವಸು ಹಾಕಿಕೊಂಡು, ಒಂದೊಂದೇ ಕುಂಡವನ್ನು ಪ್ಲಾಸ್ಟಿಕ್ ಚೀಲಕ್ಕೆ ಇಳಿಸಿದೆ. ರೋಗದ ಗಿಡ ಗೊಬ್ಬರದ ಗುಂಡಿಗೂ ಸಲ್ಲದು. ಬಾಯಿ ಕಟ್ಟಿ ಬಿಸಿಲಿನಲ್ಲಿಟ್ಟೆ. ದೋಣಿಯನ್ನು ಬ್ಲೀಚಿನಿಂದ ಉಜ್ಜಿದೆ. ಅತ್ಯಂತ ಗಟ್ಟಿಯಾಗಿದ್ದ ಒಂದು ತಾಯಿಗಿಡವನ್ನು ಮಾತ್ರ ಎಸೆಯಲಾಗದೆ, ದೂರದ ಪಂಪ್ ಮನೆಯ ಹಿಂದೆ ಬೇರೆಯಾಗಿಟ್ಟೆ. ಕೆಲವೇ ದಿನಗಳಲ್ಲಿ ಅದರದ್ದೂ ಒಂದು ಮಗ್ಗುಲು ಹಳದಿಯಾಯಿತು.

ಒಕಾಬೆ-ಸಾನ್ ಬದುಕಿ ಬಂದರು. ಸೆಪ್ಟೆಂಬರ್ ಕೊನೆಯಲ್ಲಿ ಹೆಂಡತಿಯ ಭುಜ ಹಿಡಿದು ನರ್ಸರಿಗೆ ಕಾಲಿಟ್ಟಾಗ ಅಂಗಿ ಅವರ ಮೈಮೇಲೆ ಜೋತಾಡುತ್ತಿತ್ತು. ವಿಷಯ ಅವರಿಗೆ ತಿಳಿದಿತ್ತು. ನೇರವಾಗಿ ಎರಡನೆಯ ಹಸಿರುಮನೆಗೆ ಹೋಗಿ ಖಾಲಿ ದೋಣಿಯ ಮುಂದೆ ನಿಂತರು. ನಾನು ತಲೆ ಬಾಗಿಸಿ ನಿಂತೆ. ಪಕ್ಕದ ಸಾಲುಗಳ ಗಿಡಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತ ಕೊನೆಯವರೆಗೂ ನಡೆದರು. ಒಂದರಲ್ಲೂ ರೋಗವಿರಲಿಲ್ಲ.

"ನಾನಿದ್ದಿದ್ದರೆ ಎಸೆಯುತ್ತಿರಲಿಲ್ಲ" ಎಂದರು. ಉಸಿರು ಎಳೆದುಕೊಳ್ಳಲು ನಿಂತು, "ಇವೂ ಹೋಗಿಬಿಡುತ್ತಿದ್ದವು" ಎಂದು ಸೇರಿಸಿದರು.

ಅವರು ಧನ್ಯವಾದ ಹೇಳಲಿಲ್ಲ. ನನಗೆ ಅದು ಬೇಕಾಗಿಯೂ ಇರಲಿಲ್ಲ. ಫುಮಿಕೊ-ಸಾನ್ ತಂದ ಸ್ಟೂಲಿನ ಮೇಲೆ ಕುಳಿತು, ಗಡ್ಡೆಯ ನೆತ್ತಿಗೆ ಬೆಳಕು ಬೀಳುವಂತೆ ಎಲೆಗಳನ್ನು ಸುತ್ತಲೂ ಬಿಡಿಸುವ ಶರತ್ಕಾಲದ ಕೆಲಸ ಹಿಡಿದರು. ನಾನೂ ಎದುರು ಸಾಲಿನಲ್ಲಿ ಕುಳಿತೆ. ಡಿಸೆಂಬರಿನಲ್ಲಿ ಉಳಿದ ಹೂವುಗಳೆಲ್ಲ ಹೊರಟವು. ಸುವಾಸನೆಯ ಹೂವು ಕೇಳಿಕೊಂಡು ಬಂದ ಹಳೆಯ ಗಿರಾಕಿಗಳಿಗೆ, ಇನ್ನು ಅದಿಲ್ಲ ಎಂದು ಒಕಾಬೆ-ಸಾನ್ ತಾವೇ ಹೇಳುತ್ತಿದ್ದರು.

ಈಗ ನಾನು ಆ ಕೆಲಸದಿಂದ ನಿವೃತ್ತಳಾಗಿದ್ದೇನೆ. ನರ್ಸರಿ ನಡೆಸಬೇಕೆನ್ನುವವರು ಸಲಹೆ ಕೇಳಿದರೆ, ಬೆಳೆಸುವುದನ್ನು ಯಾರಿಂದಲಾದರೂ ಕಲಿಯಬಹುದು ಎನ್ನುತ್ತೇನೆ. ಕಷ್ಟದ್ದು ಬೇರೆಯಿದೆ. ಎಸೆಯಬೇಕಾದ ದಿನ ಗಿಡ ಸತ್ತಿರುವುದಿಲ್ಲ, ನಳನಳಿಸುತ್ತಿರುತ್ತದೆ. ಅದು ಬಾಡಲಿ ಎಂದು ಕಾದರೆ, ಅಷ್ಟರಲ್ಲಿ ತಡವಾಗಿರುತ್ತದೆ.