ನಿಲ್ಲಿಸಿ ಎನ್ನಲು ಬಾಯಿ ಬಾರದವನು

ಓಡುತ್ತಿರುವ ಯಾವುದನ್ನೂ ನನಗಾಗಿ ನಿಲ್ಲಿಸಿ ಎಂದು ಕೇಳಲು ನನಗೆ ಬಾಯಿ ಬರುವುದಿಲ್ಲ. ಸಿಟಿ ಬಸ್ಸಿನಲ್ಲಿ ನನ್ನ ಸ್ಟಾಪು ಬಂದಾಗ ಬೇರೆ ಯಾರೂ ಏಳದಿದ್ದರೆ ನಾನೂ ಏಳುವುದಿಲ್ಲ. ಮುಂದಿನ ಸ್ಟಾಪಿನಲ್ಲಿ ನಾಲ್ಕು ಜನರ ಜೊತೆ ಇಳಿದು ಬಿಸಿಲಲ್ಲಿ ಹಿಂದಕ್ಕೆ ನಡೆಯುತ್ತೇನೆ. ಎಸ್.ಎಸ್. ಬಡಾವಣೆಯ ನಮ್ಮ ಬೀದಿಯಲ್ಲಿ ಹೀಗೆ ಬೆವರು ಒರೆಸಿಕೊಳ್ಳುತ್ತ ಬರುವ ನನ್ನನ್ನು ಕಂಡು, ಈ ವಯಸ್ಸಿನಲ್ಲೂ ವಾಕಿಂಗ್ ಬಿಟ್ಟಿಲ್ಲ ನೋಡಿ ಎಂದು ಹೊಗಳುವವರಿದ್ದಾರೆ. ಮೂವತ್ತು ವರ್ಷ ಗುಮಾಸ್ತನಾಗಿದ್ದವನು ನಾನು. ಯಾರಿಗೂ ತೊಂದರೆ ಕೊಡದಿರುವುದೇ ದೊಡ್ಡ ಗುಣ ಎಂದು ನಂಬಿದ್ದೆ. ಆ ಗುಣ ನನ್ನ ಅಕ್ಕನಿಗೆ ಏನು ಮಾಡಿತು ಎಂಬುದನ್ನು ಹೇಳಿಬಿಡುತ್ತೇನೆ, ಕೇಳಿ.

ಗಿರಿಜಕ್ಕ ನನಗಿಂತ ಐದು ವರ್ಷ ದೊಡ್ಡವಳು. ಮಾಯಕೊಂಡದ ಶಾಲೆಯಲ್ಲಿ ಟೀಚರಾಗಿದ್ದಳು. ದಿನಾ ಬಸ್ಸಿನಲ್ಲಿ ನಿಂತೇ ಹೋಗಿ ನಿಂತೇ ಬಂದವಳು. ಸ್ನಾಯುಗಳೆಲ್ಲ ಒಂದೊಂದಾಗಿ ಸೊರಗುತ್ತ ಹೋಗುವ ಕಾಯಿಲೆ ಬಂದು, ಕಾಲು ಹೋಗಿ, ವೀಲ್‌ಚೇರಿಗೆ ಬಂದು ಆರು ವರ್ಷವಾಗಿತ್ತು. ಹೋದ ವರ್ಷ ಡಾಕ್ಟರು, ಇನ್ನು ಕೈಗಳು ಎಂದರು. ಅದಾದ ಮೇಲೆ ಏನು ಎಂದು ಅಕ್ಕ ಕೇಳಿದಳು. ಅವರು ತಲೆ ತಗ್ಗಿಸಿ ಚೀಟಿ ಬರೆಯತೊಡಗಿದರು.

ನಮ್ಮೂರಿನ ಜನರ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಮೆಟ್ಟಿಲ ಮುಂದೆ ವೀಲ್‌ಚೇರು ನಿಂತರೆ ಸಾಕು, ಎಲ್ಲಿಂದಲೋ ನಾಲ್ಕು ಜನ ಬಂದು ಎತ್ತಿಬಿಡುತ್ತಾರೆ. ಒಳ್ಳೆಯ ಜನ, ಅದರಲ್ಲಿ ಸಂಶಯವಿಲ್ಲ. ಆದರೆ ಎತ್ತುವ ಮುಂಚೆ ಕೇಳುವ ಅಭ್ಯಾಸ ನಮ್ಮಲ್ಲಿಲ್ಲ. ಪಲ್ಲಕ್ಕಿಯ ದೇವರನ್ನು ಯಾರೂ ಕೇಳಿ ಎತ್ತುವುದಿಲ್ಲ, ಸತ್ತವರನ್ನಂತೂ ಕೇಳುವ ಮಾತೇ ಇಲ್ಲ. ನಮ್ಮವರಲ್ಲಿ ಹೆಣವನ್ನು ಮಲಗಿಸಿ ಒಯ್ಯುವುದಿಲ್ಲ. ಬಿದಿರಿನಲ್ಲಿ ವಿಮಾನ ಕಟ್ಟಿ, ಹೂವಿನಿಂದ ಸಿಂಗರಿಸಿ, ಅದರಲ್ಲಿ ನೆಟ್ಟಗೆ ಕೂರಿಸಿ ಹೆಗಲ ಮೇಲೆ ಹೊತ್ತು ನಡೆಯುತ್ತೇವೆ. ಅಕ್ಕ ಒಮ್ಮೆ ಬ್ಯಾಂಕಿನ ಮೆಟ್ಟಿಲಿನಿಂದ ಜನ ಎತ್ತಿ ಇಳಿಸಿದ ಮೇಲೆ ಹೇಳಿದ್ದಳು: “ನಾಕು ಮಂದಿ ಕುರ್ಚಿ ಎತ್ತಿದಾಗೆಲ್ಲ ನನಗ ವಿಮಾನದಾಗ ಕೂಡ್ರಿಸಿದಂಗ ಆಗ್ತೈತೆ ಕಣೋ. ಹೂವೊಂದು ಕಮ್ಮಿ.”

ಬಾತಿ ದಾಟಿ ಹರಿಹರಕ್ಕೆ ಹೋಗುವ ದಾರಿಯಲ್ಲಿ ಒಂದು ಪಾರ್ಕು ಆಗಿದೆ. ಮಕ್ಕಳ ಆಟ, ನೀರಿನ ಆಟ, ಅದರ ಜೊತೆಗೆ ಒಂದು ರೋಪ್‌ವೇ. ತಂತಿಗೆ ನೇತುಹಾಕಿದ ಗಾಜಿನ ಡಬ್ಬಿಗಳು ಮೇಲೇರಿ, ಹರಿಹರದ ಹೊಳೆ ಕಾಣುವಷ್ಟು ಎತ್ತರಕ್ಕೆ ಹೋಗಿ, ಸುತ್ತು ಹಾಕಿ ಬರುತ್ತವೆ. ಅಕ್ಕ ತಾನೇ ಫೋನು ಮಾಡಿ ವಿಚಾರಿಸಿದಳು. ಇಳಿಜಾರು ದಾರಿ ಇದೆ, ಹತ್ತುವ ಕಟ್ಟೆಯೂ ಡಬ್ಬಿಯೂ ಒಂದೇ ಮಟ್ಟ, ಡಬ್ಬಿಗಳು ನಿಧಾನಕ್ಕೆ ಓಡುತ್ತಲೇ ಇರುತ್ತವೆ, ಹೇಳಿದರೆ ನಿಲ್ಲಿಸುತ್ತೇವೆ ಎಂದರಂತೆ. “ಕೈಯಾಗ ಕಸುವು ಇರೋದ್ರೊಳಗ ಒಂದ್ಸಲ ಹೋಗಬೇಕು. ಯಾರೂ ಎತ್ತಬಾರದು. ನಾನೇ ಗಾಲಿ ತಿರುವಿ ಒಳಗ ಹೋಗ್ತೀನಿ,” ಎಂದಳು. ತಿಂಗಳುಗಟ್ಟಲೆ ಮನೆಯ ಪಡಸಾಲೆಯಲ್ಲಿ ಕುರ್ಚಿಯನ್ನು ಗೆರೆ ಹಿಡಿದು ನೇರ ಓಡಿಸುವುದನ್ನು ಅಭ್ಯಾಸ ಮಾಡಿದಳು. ನನಗೆ ಕೊಟ್ಟ ಕೆಲಸ ಒಂದೇ. ನಿಲ್ಲಿಸಿ ಎಂದು ಹೇಳುವುದು.

ಭಾನುವಾರ ಹೋದೆವು. ಹೋಗಬಾರದಿತ್ತು, ಹಿಂದೆ ಉದ್ದ ಸಾಲು. ಸೀಟಿ ಹಿಡಿದ ಆಪರೇಟರು ಅಕ್ಕನನ್ನು ನೋಡಿ ನನ್ನನ್ನು ಕೇಳಿದ. “ವೀಲ್‌ಚೇರ್ ಐತಲ್ರಿ, ನಿಲ್ಲಿಸ್ಲೇನ್ರಿ?”

ನಾನು ಹಿಂದೆ ತಿರುಗಿ ನೋಡಿದೆ. ನಲವತ್ತು ಮುಖಗಳು. ಒಬ್ಬಾತ ಮಂಡಕ್ಕಿ ಪೊಟ್ಟಣ ಹಿಡಿದು ನನ್ನನ್ನೇ ನೋಡುತ್ತಿದ್ದ. ನನ್ನ ಬಾಯಿಂದ ಬಂದ ಮಾತು ಇದು: “ಬ್ಯಾಡ್ರಿ, ಪಾಪ, ಹಿಂದೆ ಮಂದಿ ಅದಾರೆ. ಎತ್ತಿ ಕೂಡ್ರಿಸ್ತೀವಿ.”

ಮಾತು ಮುಗಿಯುವಷ್ಟರಲ್ಲಿ ಸಾಲಿನಿಂದ ಮೂವರು ಬಂದಿದ್ದರು. ಒಬ್ಬ ಕಂಕುಳಿಗೆ ಕೈ ಹಾಕಿ ತೋಳುಗಳನ್ನು ಅವುಚಿ ಹಿಡಿದ, ಇಬ್ಬರು ಕಾಲು ಹಿಡಿದರು. “ಬ್ಯಾಡ್ರಿ, ಕೆಳಗಿಳಿಸ್ರಿ,” ಎಂದಳು ಅಕ್ಕ. “ಸಂಕೋಚ ಯಾಕ್ರಮ್ಮ, ನಾವೂ ಮಕ್ಕಳಿದ್ದಂಗ,” ಎಂದ ಒಬ್ಬ. ಸೀರೆ ಮೊಣಕಾಲಿಗೆ ಸರಿದು, ಕೋಲಿನಂತಾಗಿದ್ದ ಅವಳ ಕಾಲುಗಳು ಎಲ್ಲರಿಗೂ ಕಂಡವು. ಎಳೆದುಕೊಳ್ಳೋಣವೆಂದರೆ ಕೈಗಳು ಬೇರೆಯವರ ಹಿಡಿತದಲ್ಲಿದ್ದವು. ಡಬ್ಬಿಯ ಬೆಂಚಿನ ಮೇಲೆ ಅವಳನ್ನು ಇಟ್ಟರು. ನಾನೂ ಹಾರಿ ಹತ್ತಿಕೊಂಡೆ, ಬಾಗಿಲು ಮುಚ್ಚಿತು. ಕುರ್ಚಿ ಕಟ್ಟೆಯ ಮೇಲೇ ಉಳಿಯಿತು.

ಕುರ್ಚಿಯ ಬೆಲ್ಟಿಲ್ಲದೆ ಅಕ್ಕನಿಗೆ ನೆಟ್ಟಗೆ ಕೂರಲಾಗುವುದಿಲ್ಲ. ನಾನು ಅವಳ ಭುಜ ಹಿಡಿದುಕೊಂಡೆ. ನಾಲ್ಕಾಳುದ್ದ ಮೇಲೇರಿರಬೇಕು, ಗಕ್ಕನೆ ರೋಪ್‌ವೇ ನಿಂತಿತು. ಏನು ಕೆಟ್ಟಿತೋ ಎಂದು ಹಿಂದೆ ನೋಡಿದರೆ, ಆಪರೇಟರೂ ಇನ್ನೊಬ್ಬನೂ ಅಕ್ಕನ ಖಾಲಿ ಕುರ್ಚಿಯನ್ನು ನಮ್ಮ ಹಿಂದಿನ ಡಬ್ಬಿಗೆ ತಳ್ಳುತ್ತಿದ್ದರು. ಗಾಲಿಗೆ ಪೆಟ್ಟಾಗದಂತೆ, ಅವಸರ ಮಾಡದೆ, ನೇರ ಮಾಡಿಕೊಂಡು. ಬಾಗಿಲು ಹಾಕಿ, ಕೈ ತೋರಿಸಿದ ಮೇಲೆ ಮತ್ತೆ ತಂತಿ ಓಡಿತು. ಸಾಲಿನಲ್ಲಿದ್ದ ಯಾರೂ ಗೊಣಗಿದಂತೆ ಕಾಣಲಿಲ್ಲ.

“ಕುರ್ಚಿಗೆ ನಿಲ್ಸಿದ್ರು ನೋಡೋ,” ಎಂದಳು ಅಕ್ಕ.

ಅಕ್ಕಾ, ಹೊಳೆ ನೋಡು ಎಂದೆ. ಅವಳು ನೋಡಲಿಲ್ಲ. ಹೊಳೆ ಬಂತು, ಸೇತುವೆ ಬಂತು, ಹರಿಹರದ ಮನೆಗಳು ಬಂದವು, ಅಕ್ಕ ಸೀರೆಯ ಅಂಚನ್ನು ಕಾಲಿನ ಮೇಲೆ ಎಳೆದುಕೊಳ್ಳುತ್ತಲೇ ಇದ್ದಳು. ಅದು ಆಗಲೇ ಪಾದ ಮುಚ್ಚಿತ್ತು. ನನಗೆ ನನ್ನ ಮೇಲೆ ಹೇಸಿಗೆಯಾಯಿತು.

ಮೇಲಿನ ಕಟ್ಟೆಯಲ್ಲಿ ಇಳಿಸಲು ಬಂದವನಿಗೆ ಮುಟ್ಟಬ್ಯಾಡ್ರಿ ಎಂದಳು. ಇಳಿಯದೆಯೇ ಸುತ್ತು ಹಾಕಿ ಕೆಳಗೆ ಬಂದೆವು, ಹಿಂದೆ ಕುರ್ಚಿಯೂ ಬಂತು. ಎರಡೂ ಡಬ್ಬಿ ಕಟ್ಟೆಗೆ ಬಂದಾಗ ಅಕ್ಕ ತರಗತಿಯ ಗಂಟಲಿನಲ್ಲಿ “ನಿಲ್ಲಿಸ್ರಿ” ಎಂದಳು. ನಿಂತಿತು. ಅಷ್ಟೇ, ಏನೂ ಆಗಲಿಲ್ಲ. ಕುರ್ಚಿಯನ್ನು ಬೆಂಚಿಗೆ ತಾಗಿಸಿ ಹಿಡಿಯಲು ಹೇಳಿ, ಕೈಯೂರಿ, ಅಂಗುಲ ಅಂಗುಲವಾಗಿ ತಾನೇ ಜಾರಿ ಕೂತಳು. ಅಷ್ಟರಲ್ಲಿ ಸಾಲಿನಲ್ಲಿದ್ದವರೊಬ್ಬರು ಒಂದು ಮಿರ್ಚಿ ಬಜ್ಜಿ ತಿಂದು ಕೈ ಒರೆಸಿಕೊಂಡಿರಬಹುದು. ಜನರಿಗೆ ನಾನು ಉಳಿಸಿಕೊಡಲು ಹೊರಟಿದ್ದ ಹೊತ್ತು ಇಷ್ಟೇ ಆಗಿತ್ತು.

“ಇನ್ನೊಂದು ಸುತ್ತು ಹೋಗೋಣೇನಕ್ಕ? ಈ ಸಲ ನಾನು ಹೇಳ್ತೀನಿ,” ಎಂದೆ.

ಅಕ್ಕ ಅಂಗೈಗಳನ್ನು ಮಡಿಲಿಗೆ ಹಾಕಿಕೊಂಡು ನೋಡಿದಳು. ಅವು ನಡುಗುತ್ತಿದ್ದವು. “ಬ್ಯಾಡೋ. ಇವತ್ತಿಗೆ ಮುಗೀತು ಇವು.”

ಮುಂದಿನ ವಾರ ಎಂದುಕೊಂಡೆವು. ಮಳೆ ಬಂತು, ಜ್ವರ ಬಂತು, ದೀಪಾವಳಿ ಕಳೆಯುವಷ್ಟರಲ್ಲಿ ಗಾಲಿ ತಿರುವುವ ಶಕ್ತಿ ಅಕ್ಕನ ಕೈಗಳಲ್ಲಿ ಉಳಿದಿರಲಿಲ್ಲ. ತಪ್ಪು ತಿದ್ದಿಕೊಳ್ಳಲು ಬದುಕು ಮತ್ತೊಂದು ಅವಕಾಶ ಕೊಡುತ್ತದೆ ಎಂದು ದೊಡ್ಡವರು ಹೇಳುತ್ತಾರೆ. ಅವರಿಗೆ ಕೊಟ್ಟಿರಬಹುದು.

ಈಗ ಅಕ್ಕನನ್ನು ಎತ್ತದೆ ಗತಿಯಿಲ್ಲ. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ದಿನಕ್ಕೆ ಹತ್ತು ಸಲ ನಾನೇ ಎತ್ತುತ್ತೇನೆ. ಪ್ರತಿ ಸಲವೂ “ಎತ್ತಲೇನಕ್ಕ?” ಎಂದು ಕೇಳಿ ಕೈ ಕಟ್ಟಿಕೊಂಡು ನಿಲ್ಲುತ್ತೇನೆ. ಒಂದೊಂದು ಬೆಳಿಗ್ಗೆ ಅವಳು “ಇರು” ಎನ್ನುತ್ತಾಳೆ. ಯಾಕೆ ಎಂದು ಹೇಳುವುದಿಲ್ಲ, ಕಿಟಕಿಯ ಕಡೆ ನೋಡುತ್ತ ಮಲಗಿರುತ್ತಾಳೆ. ಒಲೆಯ ಮೇಲಿನ ಹಾಲು ಉಕ್ಕಿ ಹೋಗುತ್ತದೆ, ಬಾಗಿಲಲ್ಲಿ ಯಾರೋ ಕೂಗಿ ವಾಪಸು ಹೋಗುತ್ತಾರೆ. ಅವಳು ಹೂಂ ಎನ್ನುವವರೆಗೆ ನಾನು ಕದಲುವುದಿಲ್ಲ.