ಕೂದಲು ಕರಗದ ಮಡಕೆ

ಜೂನ್ 9, ಭಾನುವಾರ, ಬೆಳಿಗ್ಗೆ 6.40. ಹಿತ್ತಿಲಲ್ಲಿರುವ ನನ್ನ ಗೊಬ್ಬರದ ಮಡಕೆಯ ಮೇಲೆ ಯಾರೋ ಹಳೆಯ ಚಪ್ಪಲಿ ಕವುಚಿ ಹಾಕಿ, ಪಕ್ಕದಲ್ಲಿ ಪೊರಕೆ ನಿಲ್ಲಿಸಿದ್ದಾರೆ.

ಬದನಗುಪ್ಪೆಯ ಕಾರ್ಖಾನೆ ಕೆಲಸಕ್ಕೆಂದು ವಿಜಯಪುರದಿಂದ ಚಾಮರಾಜನಗರಕ್ಕೆ ಹೊರಟಾಗ ಅವ್ವ ಹೇಳಿದ್ದಳು: "ಆ ಕಡೆ ಮಾಟ ಭಾಳ ಅಂತಾರ. ಕೊಟ್ಟದ್ದೆಲ್ಲಾ ತಿನ್ನಬ್ಯಾಡ." ಆಗ ನಕ್ಕಿದ್ದೆ. ಈಗ ಚಪ್ಪಲಿ ಮುಟ್ಟಲು ಕೈ ಬರಲಿಲ್ಲ.

ನಮ್ಮಲ್ಲಿ ಸಿಪ್ಪೆಯನ್ನೆಲ್ಲ ಎಮ್ಮೆ ತಿಂದು ಮುಗಿಸುತ್ತಿತ್ತು. ಇಲ್ಲಿ ಬಾಡಿಗೆಯ ಒಂದು ಕೋಣೆ. ಅದಕ್ಕೇ ಗುಂಡ್ಲುಪೇಟೆಯಿಂದ ಮಡಕೆ ತಂದು, ಮೊಬೈಲಿನಲ್ಲಿ ನೋಡಿಕೊಂಡು ಎಲ್ಲವನ್ನೂ ಹಾಕುತ್ತಿದ್ದೆ.

ಮನೆಯ ಮಾಲೀಕರಾದ ಮಹದೇವಮ್ಮನವರನ್ನು ಕೂಗಿದೆ. "ಆಂಟಿ, ಇದನ್ನ ಯಾರ ಇಟ್ಟಾರ್ರೀ?"

"ನಾನೇ ಮಡಗ್ದೆ." ಇಲ್ಲಿ ಮಡಗುವುದೆಂದರೆ ಇಡುವುದು. "ನೀ ಮಡಗಿರದು ಏನು, ಅದ್ನ ಮೊದ್ಲು ಯೋಳು. ಬಾಯಿ ಮುಚ್ಚಿದ ಮಡಕೆ, ಒಳ್ಗೆ ಕೂದ್ಲು, ನಿಂಬೆಹಣ್ಣು, ಮೊಟ್ಟೆ ಚಿಪ್ಪು, ಬೂದಿ. ಯಾರ್ ಮನೆ ಆಳ್ ಮಾಡಕ್ಕಮ್ಮಿ?"

"ಗೊಬ್ಬರಾ ರೀ."

"ಗೊಬ್ಬರ ತಿಪ್ಪೇಲಾಯ್ತದೆ ಕಣಮ್ಮಿ, ಮಡಕೇಲಲ್ಲ. ಈ ತಿಂಗ್ಳೇ ಮನೆ ಖಾಲಿ ಮಾಡ್ಬುಡು."

ಹಾಕಿದ್ದನ್ನೆಲ್ಲ ಬರೆದಿಟ್ಟಿದ್ದೆ, ಓದಿ ತೋರಿಸಿದೆ. ಮೇ 7, ಮಂಗಳವಾರ: ಕೂದಲು, ಒಂದು ಹಿಡಿ, ನಿಂಬೆ ಹೋಳು, ನಾಲ್ಕು.

"ಮಂಗ್ಳಾರ, ಅಮಾಸೆ ನೋಡ್ಕಂಡೇ ಆಕಿದ್ದೀಯಲ್ಲಮ್ಮಿ!"

ಕೊನೆಗೆ ಮಡಕೆಯನ್ನು ಅವರೆದುರಿಗೇ ಬೋರಲು ಹಾಕಿದೆ. ಬಾಳೆಸಿಪ್ಪೆ, ಸೊಪ್ಪಿನ ದಂಟು, ಟೀ ಚರಟ ಕರಗಿ ಕರಿಮಣ್ಣಾಗಿದ್ದವು. ಒಮ್ಮೆ ಹಾಕಿದ್ದ, ಸಾರು ಕಲಸಿದ ಅನ್ನ ಮಾತ್ರ ನಾರುತ್ತಿತ್ತು, ಅದನ್ನು ಹಾಕಬಾರದಿತ್ತು. ಕೂದಲು ಹಾಕಿದ ಹಾಗೇ ಇತ್ತು. ಮಹದೇವಮ್ಮ ಕಡ್ಡಿಯಿಂದ ಕೆದಕಿ, ಮಣ್ಣನ್ನು ಮೂಸಿದರು.

"ಗೊಬ್ಬರವೇ ಬುಡು. ಆದ್ರೆ ಈ ಕೂದ್ಲು ಯಾಕೆ ಕರಗ್ನಿಲ್ಲ?"

ನಾನು ಕೂದಲನ್ನು ಆರಿಸಿ ತೆಗೆದೆ.

ಮನೆ ಉಳಿಯಿತು, ಷರತ್ತಿನ ಮೇಲೆ. ಮಡಕೆಗೆ ಮುಚ್ಚಳವಿಲ್ಲ, ಒಣ ಎಲೆ ಹೊದಿಸಬೇಕು. ಕೂದಲು, ನಿಂಬೆ, ಮೊಟ್ಟೆ ಚಿಪ್ಪು ಕೂಡದು. ಸಿಪ್ಪೆ ಹಾಕುವಾಗ ಅವರು ಬಾಗಿಲಲ್ಲಿ ನಿಂತು ನೋಡುತ್ತಾರೆ. ಕೂದಲನ್ನು ನಾನು ಕಾಗದದಲ್ಲಿ ಸುತ್ತಿ ಕಾರ್ಖಾನೆಯ ಕಸದ ಡಬ್ಬಿಗೆ ಒಯ್ಯುತ್ತೇನೆ. ಆ ಗೊಬ್ಬರ ಉಂಡ ಅವರ ಕನಕಾಂಬರ ಚೆನ್ನಾಗಿ ಹೂ ಬಿಡುತ್ತಿದೆ, ಅವರಿನ್ನೂ ಮುಡಿದಿಲ್ಲ. ಅವರು ಕೊಡುವ ಪಾಯಸವನ್ನು ನಾನೂ ಮೊದಲು ಮೂಸಿ ನೋಡುತ್ತೇನೆ.

ಮೊನ್ನೆ ಊರಿಗೆ ಹೋದಾಗ, ಬಾಚಣಿಗೆಯ ಕೂದಲನ್ನು ಅಭ್ಯಾಸದಂತೆ ಕಾಗದದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ. ಅವ್ವ ನೋಡಿಬಿಟ್ಟಳು.

"ಅಲ್ಲೇನರ ಕಲ್ತು ಬಂದೀ ಏನವಾ?"

ಕೂದಲು ಮಡಕೆಯಲ್ಲಿ ನಿಜವಾಗಿಯೂ ಕರಗುತ್ತದೆಯೇ? ಎಷ್ಟು ತಿಂಗಳಿಗೆ? ತಿಳಿದವರು ದಯವಿಟ್ಟು ಬರೆಯಿರಿ. ನಾನು ಎರಡು ಮನೆಗಳಲ್ಲಿ ಉತ್ತರ ಹೇಳಬೇಕಾಗಿದೆ.