ಯಾವ ಈರಣ್ಣನ ಕಡೆಯವರು?

ನನ್ನ ಫೋನಿನಲ್ಲಿ ಈರಣ್ಣಂದಿರದೇ ಒಂದು ಓಣಿ ಇದೆ. ಈರಣ್ಣ ಹಾಲು, ಈರಣ್ಣ ಗ್ಯಾಸು, ಈರಣ್ಣ ಆಟೋ, ಈರಣ್ಣ ಎಮ್ಮಿಗನೂರು ಸೀರೆ, ಕೊನೆಗೆ ಈರಣ್ಣ ಎತ್ತಬೇಡ. ಈ ಕೊನೆಯವನು ನನಗೆ ದೂರದ ನೆಂಟ. ವಿಮೆ ಮಾಡಿಸಿ ಎಂದು ಹಬ್ಬ ಹುಣ್ಣಿಮೆ ನೋಡದೆ ಪ್ರಾಣ ತಿನ್ನುತ್ತಾನೆ. ನನ್ನ ಯಜಮಾನರ ನಂಬರು ಮಾತ್ರ ‘ಮನೆ’ ಎಂದು ಇದೆ. ಅವರ ಹೆಸರನ್ನು ನಾನು ಹೇಳುವುದಿಲ್ಲ, ಬರೆಯುವುದೂ ಇಲ್ಲ. ಅದೇನಿರಬಹುದೆಂದು ಜಾಣರಾದ ನೀವು ಈಗಾಗಲೇ ಊಹಿಸಿರುತ್ತೀರಿ. ಅದೇ ಹೆಸರಿನ ಮಿಕ್ಕವರನ್ನು ಬಾಯಿ ತುಂಬ ಕರೆಯಲು ನನಗೆ ಅಡ್ಡಿಯಿಲ್ಲ, ಸಂಪ್ರದಾಯದಲ್ಲಿ ನಾನು ಅಷ್ಟರ ಮಟ್ಟಿಗೆ ಕೆಟ್ಟಿದ್ದೇನೆ.

ಉರುಕುಂದದ ಈರಣ್ಣಸ್ವಾಮಿ ನಮ್ಮ ಸೀಮೆಯ ದೇವರು. ಆದೋನಿಯಿಂದ ಪತ್ತಿಕೊಂಡದವರೆಗೆ ಮಕ್ಕಳಿಲ್ಲವೆಂದು ಕಣ್ಣೀರಿಟ್ಟವರೆಲ್ಲ ಅವನಿಗೆ ಹರಕೆ ಹೊರುತ್ತಾರೆ, ಅವನು ಧಾರಾಳವಾಗಿ ಕೊಡುತ್ತಾನೆ, ಕೊಟ್ಟ ತಪ್ಪಿಗೆ ಕೂಸಿಗೆ ಅವನ ಹೆಸರೇ ಬೀಳುತ್ತದೆ. ಅದು ಸಾಲದು ಎಂಬಂತೆ ಅಜ್ಜನ ಹೆಸರು ಮೊಮ್ಮಗನಿಗೆ ಇಳಿಯುವ ಪದ್ಧತಿ ಬೇರೆ. ಒಂದೇ ಮನೆಯಲ್ಲಿ ಒಂದೇ ಹೆಸರಿನ ಇಬ್ಬರಿದ್ದರೂ ಇಲ್ಲಿ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಒಬ್ಬನನ್ನು ದೊಡ್ಡ ಈರಣ್ಣ, ಇನ್ನೊಬ್ಬನನ್ನು ಸಣ್ಣ ಈರಣ್ಣ ಎಂದು ಕರೆದು ಊಟಕ್ಕೆ ಕೂರಿಸುತ್ತಾರೆ. ಬದುಕಿರುವ ತನಕ ಇದರಿಂದ ಯಾರಿಗೂ ತೊಂದರೆಯಿಲ್ಲ. ತೊಂದರೆ ಶುರುವಾಗುವುದು ಅವರೆಲ್ಲ ಸತ್ತು, ನಮ್ಮಂಥವರು ವಂಶವೃಕ್ಷ ಬರೆಯಲು ಕುಳಿತಾಗ.

ನಾನಾದರೂ ಚಟಕ್ಕೆ ಬರೆಯಲು ಕುಳಿತವಳಲ್ಲ. ಆದೋನಿಯಲ್ಲಿ ಕನ್ನಡ ಮೇಡಮ್ಮಾಗಿ ನಿವೃತ್ತಳಾದ ನನಗೆ ಮನೆಯಲ್ಲಿ ಕೂತು ಧಾರಾವಾಹಿ ನೋಡುವ ಉದ್ದೇಶವೇ ಇತ್ತು. ಕೆಡಿಸಿದ್ದು ನನ್ನ ಅಣ್ಣ ಶೇಖರಪ್ಪನ ಒಬ್ಬಳೇ ಮಗಳು ಸುಜಾತ. ಎಮ್ಮಿಗನೂರಿನಲ್ಲಿ ಬಿ.ಇಡಿ. ಓದುವಾಗ ಆಕೆ ಪತ್ತಿಕೊಂಡದ ಹುಡುಗನೊಬ್ಬನನ್ನು ಮೆಚ್ಚಿದಳು. ಹುಡುಗನ ಹೆಸರು ಈರೇಶ. ಅಂದರೆ ಈರಣ್ಣನೇ, ಕಾಲೇಜಿಗೆ ಸೇರುವಾಗ ಬಾಲ ಕತ್ತರಿಸಿಕೊಂಡಿದ್ದಾನೆ. ಜಾತಿ ಒಂದೇ, ಜಾತಕವೂ ಕೂಡಿತು, ಅಣ್ಣ ಹುಡುಗನನ್ನು ನೋಡಿ ಒಳ್ಳೆಯವನೆಂದ. ಎಲ್ಲ ಸರಿಯಾಗಿದ್ದಾಗ ದೇವನಕೊಂಡದ ಹಿರಿಯರೊಬ್ಬರು ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತ, ಹುಡುಗನ ಮನೆಯವರು ಯಾವ ಈರಣ್ಣನ ಕಡೆಯವರು ಎಂದು ಸುಮ್ಮನೆ ಕೇಳಿದರು.

ಆ ಒಂದು ಪ್ರಶ್ನೆಗೆ ಮನೆಯೇ ಮುರಿದು ಬಿದ್ದಂತಾಯಿತು. ಆದೋನಿ-ಎಮ್ಮಿಗನೂರು ರಸ್ತೆಯ ಪಕ್ಕದ ನಮ್ಮ ಹಳ್ಳಿಯಲ್ಲಿ, ಬಿಳಿಯರ ಕಾಲದಲ್ಲಿ, ನಮ್ಮ ಮನೆಯಲ್ಲಿ ದೊಡ್ಡ ಈರಣ್ಣ, ಸಣ್ಣ ಈರಣ್ಣ ಎಂಬ ಅಣ್ಣತಮ್ಮಂದಿರಿದ್ದರಂತೆ. ಆಸ್ತಿ ಸಮಪಾಲಾಯಿತು. ದೊಡ್ಡವನು ಊರಲ್ಲೇ ಉಳಿದ, ಅವನ ಮರಿಮಕ್ಕಳು ನಾವು. ಸಣ್ಣವನು ತನ್ನ ಪಾಲು ಮಾರಿ ಪತ್ತಿಕೊಂಡದ ಕಡೆ ಹೋದ, ಅವನ ಮರಿಮಕ್ಕಳು ಅವರು. ಮನೆತನದ ಹೆಸರೂ ಒಂದೇ. ಹಾಗಾದರೆ ನಾವೂ ಅವರೂ ದಾಯಾದಿಗಳು. ಸುಜಾತ, ಈರೇಶ ಇಬ್ಬರೂ ವರಸೆಯಲ್ಲಿ ಅಣ್ಣ ತಂಗಿ. ಎಷ್ಟೋ ತಲೆಮಾರಿನ ಹಿಂದಿನ ಮಾತಾದರೂ ನಮ್ಮಲ್ಲಿ ಅದಕ್ಕೆ ಮಾಫಿಯಿಲ್ಲ. ಮದುವೆ ಅಲ್ಲಿಗೆ ನಿಂತಿತು.

ಸುಜಾತ ನಮ್ಮ ಮನೆಗೆ ಬಂದು ಎರಡು ದಿನ ಮಾತಾಡದೆ ಕೂತಳು. ಮೂರನೆಯ ದಿನ ಪಲ್ಯಕ್ಕೆ ಬದನೆಕಾಯಿ ಹೆಚ್ಚುತ್ತ, “ಅತ್ತೀ, ಸತ್ತೋರು ಯಾರಿಗೆ ಹುಟ್ಟಿದ್ರು ಅಂತ ಲೆಕ್ಕಾ ಹಾಕಿ ನಾನು ಬದುಕಬೇಕೇನು? ನಾ ಬ್ಯಾರೇ ಯಾರನ್ನೂ ಮಾಡ್ಕೊಳ್ಳಲ್ಲ” ಎಂದಳು. ಅತ್ತು ಹೇಳಿದ್ದರೆ ಸಮಾಧಾನ ಮಾಡುತ್ತಿದ್ದೆ. ಆಕೆ ಅಳಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ಆ ಇಬ್ಬರು ಈರಣ್ಣಂದಿರು ಅಣ್ಣತಮ್ಮಂದಿರು ಹೌದೋ ಅಲ್ಲವೋ ನೋಡಿಯೇ ಬಿಡುತ್ತೇನೆಂದು ಸೆರಗು ಸಿಕ್ಕಿಸಿ ಎದ್ದೆ.

ಮೊದಲು ವಂಶದ ಗಂಡಸರನ್ನು ಕೇಳಿದೆ. ಅಣ್ಣನ ಪ್ರಕಾರ ನಮ್ಮ ದೊಡ್ಡ ಈರಣ್ಣ ಊರ ಹುಲಿ. ಕುದುರೆಯ ಮೇಲೆ ಬಂದ ಬಿಳಿ ಸಾಹೇಬನನ್ನು ನಮ್ಮ ಕಟ್ಟೆಯ ಮುಂದೆ ಇಳಿಸಿ ನಡೆಸಿದವನು. ಚಿಕ್ಕಪ್ಪನ ಪ್ರಕಾರ ಸಾಹೇಬನನ್ನು ಇಳಿಸಿದ್ದು ಸಣ್ಣ ಈರಣ್ಣ, ಅದೂ ಕುದುರೆ ಬೆದರಿ. ಇನ್ನೊಬ್ಬ ನೆಂಟರ ಪ್ರಕಾರ ಇಳಿದದ್ದು ಸಾಹೇಬನೇ ಅಲ್ಲ, ಅವನ ಅಡುಗೆಯವನು, ಇಳಿದದ್ದೂ ಬಹಿರ್ದೆಸೆಗೆ. ಒಬ್ಬ ಈರಣ್ಣ ಜೀವನದಲ್ಲಿ ಹೆಂಡ ಮುಟ್ಟಿದವನಲ್ಲ, ಇನ್ನೊಬ್ಬ ಈರಣ್ಣ ಹೆಂಡ ಬಿಟ್ಟು ಏನನ್ನೂ ಮುಟ್ಟಿದವನಲ್ಲ ಎಂಬುದರಲ್ಲಿ ಎಲ್ಲರಿಗೂ ಒಮ್ಮತವಿತ್ತು. ಯಾರು ಯಾವನು ಎಂಬುದರಲ್ಲಿ ಮಾತ್ರ ಇರಲಿಲ್ಲ. ಸತ್ತವರಿಗೆ ಇದೊಂದು ಅನುಕೂಲ ನೋಡಿ. ಹೆಸರು ಒಂದೇ ಆದರೆ ಒಬ್ಬನ ಪುಣ್ಯ ಇನ್ನೊಬ್ಬನಿಗೆ ಸಲೀಸಾಗಿ ದಕ್ಕುತ್ತದೆ, ಪಾಪವನ್ನು ಯಾವಾಗಲೂ ದಾಯಾದಿಯ ಅಜ್ಜನ ತಲೆಗೆ ಕಟ್ಟಬಹುದು.

ಆಮೇಲೆ ಸರಕಾರವನ್ನು ಕೇಳಿದೆ. ಕರ್ನೂಲಿಗೆ ಹೋದರೆ, ಆದೋನಿ ಆಗ ಬಳ್ಳಾರಿ ಜಿಲ್ಲೆಗೆ ಸೇರಿತ್ತು, ಅಲ್ಲಿ ಕೇಳಿ ಎಂದರು. ಬಳ್ಳಾರಿಗೆ ಹೋದರೆ, ಆದೋನಿ ಈಗ ಆಂಧ್ರದಲ್ಲಿದೆಯಲ್ಲ, ಅಲ್ಲಿ ಕೇಳಿ ಎಂದರು. ಬಸ್ಸಿನವನು ಗುರುತು ಹಿಡಿದು ನಗುವಷ್ಟು ಸಲ ಅಡ್ಡಾಡಿದ ಮೇಲೆ ಹಳೆಯ ಭೂಮಿ ಲೆಕ್ಕದ ನಕಲೊಂದು ಕೈಗೆ ಬಂತು. ಅದರಲ್ಲಿ ನಮ್ಮ ಮನೆಯ ಹೊಲಗಳು ಇಬ್ಬರ ಹೆಸರಿನಲ್ಲಿದ್ದವು. ಒಬ್ಬ ಈರಣ್ಣ, ತಂದೆಯ ಹೆಸರು ಈರಣ್ಣ. ಇನ್ನೊಬ್ಬನೂ ಈರಣ್ಣ, ತಂದೆಯ ಹೆಸರೂ ಈರಣ್ಣ. ಬರೆದ ಗುಮಾಸ್ತ ನಮ್ಮನ್ನು ಗೇಲಿ ಮಾಡಲೆಂದೇ ಬರೆದನೋ ಏನೋ ಎಂದು ನನಗೆ ಮೈಯೆಲ್ಲ ಉರಿಯಿತು. ಪಾಪ, ಅವನದೇನು ತಪ್ಪು? ದೊರೆಗಳಿಗೆ ಬೇಕಾಗಿದ್ದದ್ದು ಕಂದಾಯ. ಅದನ್ನು ಕಟ್ಟುವವನು ಯಾರ ಹೊಟ್ಟೆಯಲ್ಲಿ ಹುಟ್ಟಿದ, ಯಾರ ಮನೆಯಲ್ಲಿ ಉಂಡ ಎಂಬುದನ್ನು ಬರೆದುಕೊಳ್ಳಲು ಅವರೇನು ಹೆಣ್ಣು ಕೊಡುವವರೇ? ದಾಖಲೆ ನೋಡಿದ ಅಣ್ಣ, ಅಣ್ಣತಮ್ಮಂದಿರೆಂದು ಸರಕಾರವೇ ಒಪ್ಪಿದೆಯಲ್ಲ ಎಂದು ನಕಲನ್ನು ಮಡಿಸಿ ನನ್ನ ಕೈಗಿಟ್ಟ. ಅವನ ಮುಖ ಸೋತಿತ್ತು. ಮಗಳ ಮೇಲೆ ಜೀವವಿದ್ದವನು, ಆದರೆ ನಾಲ್ಕು ಜನರ ಮುಂದೆ ವರಸೆ ಮುರಿಯುವ ಧೈರ್ಯವಿಲ್ಲದವನು.

ಇಷ್ಟೆಲ್ಲ ಓಡಾಡಿದ ನಾನು ತವರು ಮನೆಯಲ್ಲೇ ಇದ್ದ ಅವ್ವನನ್ನು ಕೇಳಿರಲಿಲ್ಲ. ಯಾಕೆ ಕೇಳಲಿಲ್ಲವೆಂದರೆ, ಅವ್ವ ಗಂಡನ ಮನೆಯ ಹಿರಿಯ ಗಂಡಸರ ಹೆಸರನ್ನು ಎಂದೂ ಬಾಯಲ್ಲಿ ತಂದವಳಲ್ಲ. ಅಪ್ಪನ ಅಜ್ಜನ ಹೆಸರು ಈರಣ್ಣ ಎಂಬ ಕಾರಣಕ್ಕೆ ದೇವರನ್ನೂ ಆಕೆ ‘ಉರುಕುಂದದಾತ’ ಎಂದೇ ಕರೆಯುತ್ತಾಳೆ. ಹಾಲು ಹಾಕುವ ಈರಣ್ಣ ಬಂದರೆ ‘ಹಾಲಿನಾತ ಬಂದಾನ’ ಎನ್ನುತ್ತಾಳೆ. ಹೆಸರನ್ನೇ ಹೇಳದವಳಿಗೆ ಹೆಸರಿನ ಗೋಜಲು ಏನು ಗೊತ್ತಿದ್ದೀತು ಎಂದು, ಎಂ.ಎ. ಪಾಸಾದ ನಾನು ಮತ್ತು ಪಂಚಾಯಿತಿ ಮಾಡುವ ನನ್ನ ಅಣ್ಣ, ಇಬ್ಬರೂ ಕೂಡಿ ತೀರ್ಮಾನ ಮಾಡಿದ್ದೆವು.

ಮಹಾಲಯ ಅಮಾವಾಸ್ಯೆಗೆ ತವರಿಗೆ ಹೋದೆ. ಆ ದಿನ ನಮ್ಮಲ್ಲಿ ಸತ್ತ ಹಿರಿಯರಿಗೆಲ್ಲ ಎಡೆ ಇಡುತ್ತಾರೆ. ಗೋಡೆಯ ಉದ್ದಕ್ಕೂ ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಬೀಡಿ ಸೇದುತ್ತಿದ್ದವರಿಗೆ ಬೀಡಿಯನ್ನೂ ಇಟ್ಟು, ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಕೂರುತ್ತೇವೆ. ಅವರು ನಾಚದೆ ಉಣ್ಣಲೆಂದು. ದೊಡ್ಡ ಈರಣ್ಣನ ಎಡೆ ಮಾತ್ರ ಆ ಸಾಲಿನಲ್ಲಿ ಇರುವುದಿಲ್ಲ. ಎದುರು ಗೋಡೆಗೆ ಒಂದು ಮಣೆ ಹಾಕಿ, ಅದರ ಮುಂದೆ ಒಂಟಿಯಾಗಿ ಎಲೆ ಹಾಕಿ, ಹೋಳಿಗೆಯ ಮೇಲೆ ತುಪ್ಪ ಸುರಿದು, ಪಕ್ಕದಲ್ಲಿ ಹೊಸ ಟವೆಲ್ಲು ಇಡುತ್ತಾರೆ. ಹುಲಿ ಮಂದಿಯ ಜೊತೆ ಕೂತು ಉಣ್ಣುವುದಿಲ್ಲ ಎಂದು ಅಣ್ಣ ಚಿಕ್ಕಂದಿನಿಂದ ನಮಗೆಲ್ಲ ಇದರ ಅರ್ಥ ಬಿಡಿಸಿ ಹೇಳಿದ್ದ, ನಾವೂ ನಂಬಿದ್ದೆವು. ಆ ದಿನ ಅವ್ವ ಮೂರನೆಯ ಸಲ ತುಪ್ಪ ಸುರಿಯುವುದನ್ನು ನೋಡಿ, ಸತ್ತವನಿಗೆ ಕೊಬ್ಬು ಏರೀತು, ಸಾಕು ಬಿಡವ್ವ ಎಂದು ತಮಾಷೆಗೆ ಅಂದೆ.

“ಅಳಿಯಗ ತುಪ್ಪ ಕಡಿಮಿ ಮಾಡಬಾರ್ದು ಅಂತ ನಮ್ಮತ್ತಿ ಹೇಳ್ಯಾಳ” ಎಂದಳು ಅವ್ವ, ತಲೆ ಎತ್ತದೆ. “ಮಗಾ ಆದ್ರ ನೆಲದ ಮ್ಯಾಲ ಕುಂತು ಉಣ್ತಾನ. ಮನಿ ಅಳಿಯಗ ಮಣಿ ಹಾಕದ ಬಡಿಸ್ತಾರೇನು?”

ಕೈಯಲ್ಲಿದ್ದ ಹೋಳಿಗೆಯ ತಟ್ಟೆಯನ್ನು ಕೆಳಗಿಟ್ಟೆ. ಅವ್ವನನ್ನು ಅಲ್ಲೇ ಕೂರಿಸಿಕೊಂಡು ಕೇಳಿದೆ. ಆಕೆಗೆ ಎಲ್ಲವೂ ಗೊತ್ತಿತ್ತು. ಮನೆಯ ಹಳೆಯ ಯಜಮಾನನಿಗೆ ಗಂಡುಮಕ್ಕಳಿರಲಿಲ್ಲ, ಹೊನ್ನೂರವ್ವ ಎಂಬ ಮಗಳೊಬ್ಬಳೇ. ಆಕೆಗೆಂದು ಬೇರೆ ಊರಿನ ಹುಡುಗನನ್ನು ತಂದು, ಮದುವೆ ಮಾಡಿ, ಮಗನ ಹಾಗೆ ಮನೆಯಲ್ಲೇ ಇಟ್ಟುಕೊಂಡ. ಅವನ ಹೆಸರು ಉರುಕುಂದದಾತನದೇ. ಅವನ ಅಪ್ಪನದೂ ಅದೇ. ಅಳಿಯ ಬಂದು ಕಾಲೂರಿದ ಮೇಲೆ, ಎಲ್ಲರೂ ಆಸೆ ಬಿಟ್ಟಿದ್ದಾಗ, ಯಜಮಾನನಿಗೆ ಹರಕೆಯ ಮಗ ಹುಟ್ಟಿದ. ಅವನಿಗೂ ಅದೇ ಹೆಸರು, ಯಜಮಾನನದೂ ಅದೇ ಆಗಿತ್ತು. ದೊಡ್ಡವನು ಅಳಿಯ, ಸಣ್ಣವನು ಮಗ. ತಂದುಕೊಂಡ ಅಳಿಯನನ್ನು ಹೊರಗೆ ಹಾಕುವ ಪದ್ಧತಿ ಈ ಸೀಮೆಯಲ್ಲಿಲ್ಲ. ಮನೆ ಅಳಿಯನಿಗೂ ಮಗನಿಗೂ ಸಮಪಾಲು, ಮನೆತನದ ಹೆಸರೂ ಒಂದೇ. ಹಾಗಾಗಿ ಹೊಲ ಎರಡಾಯಿತು, ಗುಮಾಸ್ತ ಇಬ್ಬರನ್ನೂ ಬರೆದುಕೊಂಡ, ನಾವು ಇಬ್ಬರನ್ನೂ ಅಣ್ಣತಮ್ಮಂದಿರು ಮಾಡಿದೆವು. ಇದನ್ನು ಹೊನ್ನೂರವ್ವ ತನ್ನ ಸೊಸೆಗೆ ಹೇಳಿದ್ದಳು, ಆ ಸೊಸೆ ತನ್ನ ಸೊಸೆಯಾದ ನಮ್ಮ ಅವ್ವನಿಗೆ ಹೇಳಿದ್ದಳು, ಪ್ರತಿ ವರ್ಷ ತುಪ್ಪ ಸುರಿಯುತ್ತ.

ಇಷ್ಟು ದಿನ ಮನೆಯಲ್ಲಿ ರಾಮಾಯಣವೇ ನಡೆಯುತ್ತಿದ್ದರೂ ಯಾಕೆ ಬಾಯಿ ಬಿಡಲಿಲ್ಲ ಎಂದು ರೇಗಿದೆ. “ನೀವು ಕೇಳಿದ್ದೆಲ್ಲಾ ಹೆಸರು. ಹೆಸರು ನಾ ಹ್ಯಾಂಗ ಹೇಳ್ಲಿ?” ಎಂದು ಅವ್ವ ಎದ್ದು ಹೋದಳು.

ಈಗ ಲೆಕ್ಕ ನೋಡಿ. ನಾವು ಮಗಳ ಕಡೆಯವರು, ಅವರು ಮಗನ ಕಡೆಯವರು. ದಾಯಾದಿಗಳಲ್ಲ, ಬೀಗರು! ಸುಜಾತ ಮತ್ತು ಈರೇಶ ಅಣ್ಣ ತಂಗಿಯಾಗುವುದಿರಲಿ, ವರಸೆ ಹುಡುಕಿಕೊಂಡು ಹೋದರೂ ಇಂಥ ಜೋಡಿ ಸಿಕ್ಕುವುದಿಲ್ಲ. ನಾನು ಕುಣಿಯುತ್ತ ಹೋಗಿ ಅಣ್ಣನಿಗೆ ಹೇಳಿದೆ. ಅಣ್ಣನ ಮುಖ ಅರಳಿತು, ಮರುಕ್ಷಣವೇ ಕಪ್ಪಿಟ್ಟಿತು. ಯಾಕೆಂದು ನಿಮಗೆ ಹೇಳಬೇಕು. ನಮ್ಮ ಕಡೆ ಮನೆ ಅಳಿಯನೆಂದರೆ ಎಲ್ಲರ ಬಾಯಿಗೂ ಆಹಾರ. ನಮ್ಮೂರಲ್ಲಿ ಆ ಆಹಾರವನ್ನು ಬಡಿಸುವವನೇ ಅಣ್ಣ. ಊರಿನ ಮನೆ ಅಳಿಯಂದಿರಿಗೆಲ್ಲ ಒಂದೊಂದು ಅಡ್ಡಹೆಸರಿಟ್ಟು, ಕಟ್ಟೆಯ ಮೇಲೆ ಕೂತು ಅವರನ್ನು ಗೋಳು ಹೊಯ್ದುಕೊಂಡವನು ಅವನು. ನಾವು ಈ ಮಣ್ಣಿನ ಮೂಲದವರು, ಊರಿನ ಮೊದಲ ಮನೆಯ ರಕ್ತದವರು ಎಂದು ಅರ್ಧ ಆಯುಷ್ಯ ಹೇಳಿಕೊಂಡು ತಿರುಗಿದ ಮೇಲೆ, ಹುಲಿಯನ್ನು ಹೆಂಡತಿಯ ಮನೆಯಲ್ಲಿ ಕಟ್ಟಿಹಾಕಿದ್ದರೆಂದು ಯಾವ ಬಾಯಲ್ಲಿ ಹೇಳಬೇಕು? ಈ ಮಾತನ್ನು ನೀನೇ ಹೇಳಿಬಿಡು ಎಂದು ನನ್ನನ್ನು ಬೇಡಿಕೊಂಡ. ನಾನು ಒಪ್ಪಲಿಲ್ಲ. ನಾನು ಹೇಳಿದರೆ ಹುಡುಗಿಯ ಪರವಾಗಿ ಕತೆ ಕಟ್ಟಿದಳು ಎಂದಾರು. ನೀನು ಹೇಳಿದರೆ ನಂಬುತ್ತಾರೆ. ಮನೆ ಅಳಿಯನ ಮರಿಮಗ ಎಂದು ಸುಳ್ಳು ಹೇಳಿ ಮರ್ಯಾದೆ ಕಳೆದುಕೊಳ್ಳುವ ಗಂಡಸು ಈ ಸೀಮೆಯಲ್ಲಿ ಹುಟ್ಟಿಲ್ಲ ಎಂದೆ. ಅವನು ಎರಡು ದಿನ ಕಟ್ಟೆಗೆ ಹೋಗಲಿಲ್ಲ. ನನಗೂ ಪಾಪ ಅನಿಸಿತು. ನಾವು ಯಾರೆಂದು ನಾವೇ ಹೇಳಿಕೊಳ್ಳುತ್ತ ಬಂದದ್ದನ್ನು ಒಂದು ಮಧ್ಯಾಹ್ನದಲ್ಲಿ ಬಿಟ್ಟುಕೊಡುವುದು, ಆ ಹೇಳಿಕೆ ಬರೀ ಜಂಬವೇ ಆಗಿದ್ದರೂ, ಸುಲಭವಲ್ಲ.

ಪತ್ತಿಕೊಂಡದವರನ್ನು ಕರೆಸಿದೆವು. ಹುಡುಗನ ದೊಡ್ಡಪ್ಪ ನಾಗಪ್ಪ ಮುಂದಾಳಾಗಿ ಬಂದ. ಅಣ್ಣನಿಗಿಂತ ನಾಲ್ಕಾರು ವರ್ಷ ಹಿರಿಯ, ಮಾತು ಕಡಿಮೆ. ದೇವನಕೊಂಡದ ಹಿರಿಯರೂ ಬಂದು ಎಲೆ ಅಡಿಕೆ ಬಿಚ್ಚಿದರು. ಓಣಿಯ ನಾಲ್ಕು ಜನರೂ ಇದ್ದರು, ಅವರಲ್ಲಿ ಅಣ್ಣ ಅಡ್ಡಹೆಸರಿಟ್ಟ ಒಬ್ಬ ಮನೆ ಅಳಿಯನೂ ಇದ್ದ. ಅಡುಗೆಮನೆಯ ಬಾಗಿಲಲ್ಲಿ ಸುಜಾತ ನಿಂತಿದ್ದಳು. ಅಣ್ಣ ಎದ್ದ, ನೀರು ಕುಡಿದ, ಟವೆಲ್ಲು ಸರಿ ಮಾಡಿಕೊಂಡ, ಮಳೆ ಬೆಳೆಯ ಮಾತಾಡಿದ, ಮತ್ತೆ ನೀರು ಕುಡಿದ. ನಾಗಪ್ಪ, ಅದೇನು ಹೇಳು ತಮ್ಮಾ, ಬಸ್ಸಿನ ಹೊತ್ತಾಯಿತು ಎಂದ. ಅಣ್ಣ ಬಾಗಿಲ ಕಡೆ ತಿರುಗಿ ಮಗಳನ್ನು ನೋಡಿದ.

“ನಮ್ಮ ಹಿರ್ಯಾ ಈ ಮನಿ ಮಗ ಅಲ್ರೀ” ಎಂದ. “ಮನಿ ಅಳಿಯ. ಹೊನ್ನೂರವ್ವನ ಗಂಡ. ಹೊನ್ನೂರವ್ವ ನಿಮ್ಮ ಹಿರ್ಯಾನ ಅಕ್ಕ. ನಾವು ನಿಮ್ಮನಿ ಹೆಣ್ಣುಮಗಳ ಕಡೆಯೋರು.”

ಯಾರೂ ನಗಲಿಲ್ಲ, ಆ ಮನೆ ಅಳಿಯನೂ ನಗಲಿಲ್ಲ. ಅಣ್ಣ ಅವ್ವ ಹೇಳಿದ್ದನ್ನೆಲ್ಲ ತಡವರಿಸುತ್ತ ಹೇಳಿ ಮುಗಿಸಿ ಕುಳಿತ. ದೇವನಕೊಂಡದ ಹಿರಿಯರು ಬೆರಳು ಮಡಿಸಿ ವರಸೆ ಎಣಿಸಿ, ತಲೆಯಾಡಿಸಿ ನಾಗಪ್ಪನ ಮುಖ ನೋಡಿದರು. ದಾಯಾದಿಗಳ ನಡುವೆ ಮಾತು ಯಾವಾಗಲೂ ಅಳೆದು ತೂಗಿ, ಒಂದು ಸಡಿಲ ಮಾತಿಗೆ ಕೋರ್ಟು ಕಚೇರಿಯಾಗುತ್ತದೆ. ನಮ್ಮಲ್ಲಿ ಮನಸ್ಸಿಗೆ ಬಂದಂತೆ ಬೈಯುವ ಹಕ್ಕು ಇರುವುದು ಬೀಗರಿಗೆ ಮಾತ್ರ. ನಾಗಪ್ಪ ಗೋಡೆಗೆ ಒರಗಿ, ಕಾಲು ಚಾಚಿ, ನಮ್ಮ ಮನೆಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದ.

“ಏಮಪ್ಪಾ ಬಾವಾ” ಎಂದ, “ಇಷ್ಟು ತಲಿಮಾರು ನಮ್ಮ ಭೂಮಿ ಉಂಡೀರಿ. ಒಂದು ಕಪ್ಪು ಚಾ ಕೊಡಾಕ ಕೈ ಬರವಲ್ದೇನು?”

ಮೊದಲು ನಕ್ಕವನು ಅಣ್ಣ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು, ಟವೆಲ್ಲಿನಿಂದ ಒರೆಸಿಕೊಳ್ಳುತ್ತ ಚಹಕ್ಕೆಂದು ಒಳಗೆ ಕೂಗಲು ಬಾಯಿ ತೆರೆದ. ಬಾಗಿಲಲ್ಲಿ ಸುಜಾತ ಇರಲಿಲ್ಲ. ಒಳಗೆ ಆಗಲೇ ಹಾಲು ಒಲೆಯ ಮೇಲಿತ್ತು.